ನೆರ್ಹಾದಲ್ಲಿ ಎಂಟು ಜನರಿಗೆ ಒಂದು ವಾರ ವಿಲ್ಲಾ ಬಾಡಿಗೆ: ಅಪ್ಪನಿಗೆ ಮಂಡಿನೋವು, ಮಕ್ಕಳಿಗೆ ಈಜುಕೊಳ ಬೇಕು. ಸಲಹೆ ಕೊಡಿ

ಮೈಸೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಮ್ಯೂನಿಕ್‌ನಲ್ಲಿದ್ದೇವೆ. ಬರುವ ಮೇ ತಿಂಗಳಲ್ಲಿ ಮೈಸೂರಿನಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಬೆಂಗಳೂರಿನಿಂದ ಅಕ್ಕ, ಭಾವ ಮತ್ತು ಅವರ ಒಂಬತ್ತು ವರ್ಷದ ಮಗಳು ಬರುತ್ತಾರೆ. ನಾನು, ಯಜಮಾನರು, ನಾಲ್ಕು ವರ್ಷದ ಮಗ ಸೇರಿದರೆ ಎಂಟು ಜನ. ಅಕ್ಕನ ಮದುವೆಯಾದ ಮೇಲೆ ನಾವೆಲ್ಲ ಒಂದೇ ಸೂರಿನಡಿ ಒಂದು ವಾರ ಪೂರ್ತಿ ಇದ್ದದ್ದೇ ಇಲ್ಲ. ಅದಕ್ಕೇ ಹೋಟೆಲ್ ಬೇಡ, ಅಡುಗೆಮನೆಯಿರುವ ಇಡೀ ಮನೆಯೇ ಇರಲಿ ಎಂದುಕೊಂಡಿದ್ದೇವೆ.

ಸ್ಪೇನಿನ ದಕ್ಷಿಣದಲ್ಲಿ, ಮಾಲಗಕ್ಕೆ ಪೂರ್ವಕ್ಕಿರುವ ನೆರ್ಹಾ ಮನಸ್ಸಿಗೆ ಹಿಡಿಸಿದೆ. ವಾರಕ್ಕೆ 1,400ರಿಂದ 2,300 ಯೂರೋವರೆಗಿನ ಮೂರು ವಿಲ್ಲಾಗಳನ್ನು ಗುರುತು ಹಾಕಿಕೊಂಡಿದ್ದೇನೆ. ಮೂರಕ್ಕೂ ಈಜುಕೊಳವಿದೆ. ಅಪ್ಪನಿಗೆ ಎಪ್ಪತ್ತೊಂದು. ನೀರಾವರಿ ಇಲಾಖೆಯಲ್ಲಿದ್ದು ಮಂಡ್ಯ ಕಡೆಯ ನಾಲೆಗಳ ಏರಿಯ ಮೇಲೆ ಮೂವತ್ತು ವರ್ಷ ನಡೆದವರು. ಈಗ ಮಂಡಿ ಸವೆದಿದೆ. ನಡೆಯುವುದನ್ನು ಬಿಡಲು ಅವರಿಗೆ ಮನಸ್ಸಿಲ್ಲ, ಮೆಟ್ಟಿಲು ಮಾತ್ರ ಆಗದು. ಇಂಥ ಮನೆ ಬಾಡಿಗೆಗೆ ಹಿಡಿದ ಅನುಭವವಿದ್ದವರು ಏನು ನೋಡಬೇಕು, ಏನು ಕೇಳಬೇಕು ಎಂದು ದಯವಿಟ್ಟು ತಿಳಿಸಿ.

ಕುಂದಾಪುರದ ಕಡಲು

ನಾವು ಆಮ್‌ಸ್ಟರ್‌ಡಾಮ್‌ನಿಂದ ಎರಡು ಬಾರಿ ಆ ಕಡೆಗೆ ಹೋಗಿದ್ದೇವೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಮೇ ತಿಂಗಳಲ್ಲಿ ನೀರು ತಣ್ಣಗಿರುತ್ತದೆ. ಬಿಸಿಲು ಚೆನ್ನಾಗಿ ಕಾಯುತ್ತಿರುವುದರಿಂದ ಇದು ಯಾರಿಗೂ ಹೊಳೆಯುವುದಿಲ್ಲ. ಅಟ್ಲಾಂಟಿಕ್‌ನ ತಣ್ಣೀರು ಜಿಬ್ರಾಲ್ಟರ್ ಜಲಸಂಧಿಯ ಮೂಲಕ ಒಳಗೆ ಬಂದು ಆ ಕರಾವಳಿಯನ್ನೇ ಸವರಿಕೊಂಡು ಹೋಗುತ್ತದೆ. ಮೇ ತಿಂಗಳಲ್ಲಿ ಕಡಲ ನೀರು ಸುಮಾರು 17–18 ಡಿಗ್ರಿ. ನಮ್ಮ ಮಲ್ಪೆ, ಮರವಂತೆಯಲ್ಲಿ ಮಿಂದವರಿಗೆ ಅದು ಹಿಮದ ನೀರಿನಂತೆಯೇ ಅನ್ನಿಸುತ್ತದೆ.

ಮನೆಯ ಈಜುಕೊಳದ ಕಥೆಯೂ ಅದೇ. ‘ಈಜುಕೊಳವಿದೆ’ ಎಂದರೆ ಬಿಸಿನೀರಿದೆ ಎಂದಲ್ಲ. ನೀರು ಬಿಸಿ ಮಾಡುವ ವ್ಯವಸ್ಥೆ ಇದೆಯೇ, ಅದಕ್ಕೆ ಬೇರೆ ಹಣವೇ, ಎಷ್ಟು ದಿನ ಮುಂಚೆ ಹೇಳಬೇಕು ಎಂದು ಬರಹದಲ್ಲೇ ಕೇಳಿಕೊಳ್ಳಿ. ನಾವು ಕೇಳದೆ ಹೋದೆವು. ಮಕ್ಕಳು ದಡದಲ್ಲಿ ಕುಳಿತು ಕಾಲು ಅದ್ದಿಕೊಂಡು ಏಳು ದಿನ ಕಳೆದರು.

ಇನ್ನೊಂದು ವಿಷಯ ನಾಲ್ಕು ವರ್ಷದ ಮಗುವಿಗಾಗಿ. ಖಾಸಗಿ ಈಜುಕೊಳಕ್ಕೆ ಬೇಲಿಯನ್ನೋ ಎಚ್ಚರಿಕೆಯ ಗಂಟೆಯನ್ನೋ ಹಾಕಲೇಬೇಕೆಂದು ಫ್ರಾನ್ಸ್ 2003ರಲ್ಲೇ ಕಾಯ್ದೆ ಮಾಡಿತು. ಸ್ಪೇನಿನ ಮನೆಗಳಲ್ಲಿ ಅದನ್ನು ನಿರೀಕ್ಷಿಸಬೇಡಿ. ಎಷ್ಟೋ ಮನೆಗಳಲ್ಲಿ ಪಡಸಾಲೆಯ ಗಾಜಿನ ಬಾಗಿಲು ತೆರೆದರೆ ನಾಲ್ಕೇ ಹೆಜ್ಜೆಗೆ ನೀರು. ಬೇಲಿಯಿದೆಯೇ, ಬಾಗಿಲ ಚಿಲಕ ಎಷ್ಟು ಎತ್ತರದಲ್ಲಿದೆ ಎಂದು ವಿಚಾರಿಸಿ.

ಶಿರಸಿಯ ಆಲೆಮನೆ

ಒಂಬತ್ತು ವರ್ಷಗಳಿಂದ ಮಾಲಗದಲ್ಲಿದ್ದೇನೆ. ಊರಿನಿಂದ ಬಂದ ನಾಲ್ಕು ಕುಟುಂಬಗಳಿಗೆ ಆ ಭಾಗದಲ್ಲಿ ಮನೆ ಹುಡುಕಿಕೊಟ್ಟಿದ್ದೇನೆ. ಅದರಲ್ಲಿ ಒಂದು ಸಲ ದೊಡ್ಡ ತಪ್ಪು ಮಾಡಿದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೆರ್ಹಾ ಬಂಡೆಯಂಚಿನ ಮೇಲೆ ಕುಳಿತ ಊರು. ಬೆನ್ನಿಗೆ ಅಲ್ಮಿಹಾರಾ ಬೆಟ್ಟಸಾಲು, ಎದುರಿಗೆ ಕಡಲು, ನಡುವೆ ಕಿರಿದಾದ ನೆಲ. ಉತ್ತರದ ಚಳಿಗಾಳಿಯನ್ನು ಬೆಟ್ಟ ತಡೆಯುವುದರಿಂದ ಅಲ್ಲಿ ಮಾವು, ಬೆಣ್ಣೆಹಣ್ಣು ಬೆಳೆಯುತ್ತವೆ, ಚಳಿಗಾಲವೂ ಸೌಮ್ಯ. ಆದರೆ ಅದೇ ಬೆಟ್ಟದಿಂದಾಗಿ ಮನೆಗಳೆಲ್ಲ ಇಳಿಜಾರಿಗೆ ಏರಿವೆ. ಜಾಹೀರಾತಿನಲ್ಲಿ ನಿಮ್ಮ ಕಣ್ಣು ಸೆಳೆಯುವ ಕಡಲ ನೋಟ ಆ ಇಳಿಜಾರಿನ ಕೊಡುಗೆ. ನೋಟ ಎಷ್ಟು ವಿಶಾಲವೋ ಏರು ಅಷ್ಟು ಕಡಿದು ಎಂದು ತಿಳಿದುಕೊಳ್ಳಿ.

ನಾನು ಮಾಡಿದ ತಪ್ಪು ಇದು. ಶಿವಮೊಗ್ಗದಿಂದ ಬಂದ ಹಿರಿಯ ದಂಪತಿಗೆ ಬುರ್ರಿಯಾನಾ ಕಡಲತೀರದ ಮೇಲಿನ ಗುಡ್ಡದಲ್ಲಿ ಮನೆ ಹಿಡಿದುಕೊಟ್ಟೆ. ‘ಕಡಲಿಗೆ ನಡೆದು ಏಳು ನಿಮಿಷ’ ಎಂದು ಬರೆದಿತ್ತು. ಇಳಿಯಲು ಏಳು ನಿಮಿಷ ಎಂಬುದು ನಿಜವೇ. ಹತ್ತಲು ಇಪ್ಪತ್ತೈದು ನಿಮಿಷ ಬೇಕಾಯಿತು, ದಾರಿಯಲ್ಲಿ ಮೂರು ಕಡೆ ಕುಳಿತರು. ಮರುದಿನದಿಂದ ಅವರು ಮನೆಯಿಂದ ಹೊರಗೆ ಬರಲಿಲ್ಲ. ಅಷ್ಟು ದೂರದಿಂದ ಬಂದವರು ಬಾಲ್ಕನಿಯಲ್ಲಿ ಕುಳಿತು ಕಡಲು ನೋಡಿಕೊಂಡು ವಾಪಸಾದರು. ಅವರು ಒಂದು ಮಾತೂ ಆಡಲಿಲ್ಲ. ನನಗೆ ಮಾತ್ರ ಇಂದಿಗೂ ಅದು ಚುಚ್ಚುತ್ತದೆ.

ಆದ್ದರಿಂದ ನಿಮ್ಮ ಮೂರು ಮನೆಗಳಲ್ಲಿ ಈಜುಕೊಳ ಯಾವುದು ಚೆಂದ ಎಂಬುದನ್ನು ಬದಿಗಿಟ್ಟು ನೆಲ ಯಾವುದು ಸಮ ಎಂಬುದನ್ನು ಮೊದಲು ನೋಡಿ. ಸುಮಾರಾಗಿ ಹೇಳುವುದಾದರೆ ಆಯ್ಕೆ ಮೂರು ಬಗೆಯದು. ಪಟ್ಟಣದ ಪೂರ್ವಕ್ಕೆ, ಬುರ್ರಿಯಾನಾದ ಮೇಲೆ ಇರುವ ಗುಡ್ಡದ ಬಡಾವಣೆಗಳು: ಬಿಳಿ ಗೋಡೆ, ಬೋಗನ್‌ವಿಲ್ಲಾ, ಅದ್ಭುತ ನೋಟ, ಎಲ್ಲೆಲ್ಲೂ ಮೆಟ್ಟಿಲು. ಎರಡನೆಯದು ನೆರ್ಹಾದಿಂದ ಬೆಟ್ಟದ ಊರಾದ ಫ್ರಿಹಿಲಿಯಾನಾಕ್ಕೆ ಏರುವ ಆರು ಕಿಲೋಮೀಟರ್ ದಾರಿಯ ಅಕ್ಕಪಕ್ಕದ ತೋಟದ ಮನೆಗಳು: ದೊಡ್ಡ ಅಂಗಳ, ದೊಡ್ಡ ಈಜುಕೊಳ, ಆದರೆ ಒಂದು ಬ್ರೆಡ್ಡಿಗೂ ಕಾರು ತೆಗೆಯಬೇಕು, ಕೊನೆಯ ಅರ್ಧ ಕಿಲೋಮೀಟರ್ ಕಿರಿದಾದ ಕಚ್ಚಾ ರಸ್ತೆಯಾಗಿರುವ ಸಾಧ್ಯತೆ ಹೆಚ್ಚು. ಮೂರನೆಯದು ಪಟ್ಟಣದ ಪಶ್ಚಿಮ ಭಾಗ, ತೊರ್ರೆಸಿಯಾ ಕಡಲತೀರದ ಸುತ್ತಮುತ್ತ. ನೆಲ ಹೆಚ್ಚು ಸಮತಟ್ಟು, ಅಂಗಡಿ, ಔಷಧಾಲಯ, ಬ್ರೆಡ್ಡಿನ ಅಂಗಡಿ ಎಲ್ಲವೂ ನಡೆಯುವ ದೂರದಲ್ಲಿ. ಅಲ್ಲಿಯ ಮನೆಗಳು ಚಿಕ್ಕವು, ಫೋಟೋದಲ್ಲಿ ಅಷ್ಟು ಮೆರೆಯುವುದಿಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಮೂರನೆಯದನ್ನೇ ಹಿಡಿಯುತ್ತಿದ್ದೆ.

ಮನೆಯವರಿಗೆ ಹೀಗೆ ಬರೆಯಿರಿ: ಕಾರು ನಿಲ್ಲಿಸುವ ಜಾಗದಿಂದ ಮುಂಬಾಗಿಲಿಗೆ ಎಷ್ಟು ಮೆಟ್ಟಿಲು? ಮುಂಬಾಗಿಲಿನಿಂದ ನೆಲಮಹಡಿಯ ಮಲಗುವ ಕೋಣೆಗೆ ಎಷ್ಟು? ಬಚ್ಚಲುಮನೆ ಅದೇ ಮಹಡಿಯಲ್ಲಿದೆಯೇ? ಸ್ನಾನಕ್ಕೆ ತೊಟ್ಟಿ ದಾಟಬೇಕೇ, ಸಮನೆಲವೇ? ‘ಹಿರಿಯರಿಗೆ ಅನುಕೂಲವೇ’ ಎಂದು ಕೇಳಿದರೆ ಎಲ್ಲರೂ ಅನುಕೂಲ ಎಂದೇ ಬರೆಯುತ್ತಾರೆ. ಸಂಖ್ಯೆ ಕೇಳಿದರೆ ಎದ್ದು ಹೋಗಿ ಎಣಿಸಬೇಕಾಗುತ್ತದೆ.

ದಿನಾಂಕ ಇನ್ನೂ ನಿರ್ಧಾರವಾಗಿಲ್ಲದಿದ್ದರೆ ಮೇ 15 ನಿಮ್ಮ ವಾರದೊಳಗೆ ಬರುವಂತೆ ನೋಡಿ. ಅಂದು ರೈತರ ಸಂತ ಸಾನ್ ಇಸಿದ್ರೋನ ಜಾತ್ರೆ. ಸಿಂಗರಿಸಿದ ಎತ್ತಿನ ಗಾಡಿಗಳು ಪಟ್ಟಣದಿಂದ ನೆರ್ಹಾ ಗುಹೆಯ ಬಳಿಯವರೆಗೆ ಮೆರವಣಿಗೆ ಹೋಗುತ್ತವೆ. ಮಂಡ್ಯದ ನಾಲೆ ನೋಡಿಕೊಂಡವರಿಗೆ ಅದು ಖಂಡಿತ ಇಷ್ಟವಾಗುತ್ತದೆ. ಆ ವಾರ ಮನೆಗಳು ಬೇಗ ತುಂಬುತ್ತವೆ, ತಡ ಮಾಡಬೇಡಿ.

ಮೈಸೂರಿನ ಮಗಳು

ತುಂಬು ಹೃದಯದ ಧನ್ಯವಾದಗಳು. ನಿಮ್ಮ ಪತ್ರ ಓದಿದ ಮೇಲೆ ನಕ್ಷೆ ತೆರೆದು ನೋಡಿದೆ. ನನಗೆ ಅತ್ಯಂತ ಇಷ್ಟವಾಗಿದ್ದ ಮನೆ ನೀವು ಹೇಳಿದ ಗುಡ್ಡದ ಮೇಲೇ ಇದೆ. ರಸ್ತೆಯ ಚಿತ್ರಗಳಲ್ಲಿ ಆ ಬೀದಿಯನ್ನು ನೋಡಿದರೆ ಪಾದಚಾರಿ ದಾರಿಯೇ ಮೆಟ್ಟಿಲುಗಳು. ಅದನ್ನು ಕೈಬಿಟ್ಟೆ.

ಎರಡನೆಯದರ ಬಗ್ಗೆ ಒಂದು ಅನುಮಾನವಿದೆ. ನಾಲ್ಕು ಮಲಗುವ ಕೋಣೆ, ಕಡಲಿಗೆ ಹತ್ತಿರ, ಆದರೂ ಬೇರೆಯವುಗಳಿಗಿಂತ ಬಹಳ ಅಗ್ಗ. ಮನೆಯವರು ತುಂಬ ಪ್ರೀತಿಯಿಂದ ಉತ್ತರಿಸುತ್ತಿದ್ದಾರೆ. ಜಾಲತಾಣದ ಮೂಲಕ ಕಟ್ಟಿದರೆ ಅವರ ದಲ್ಲಾಳಿ ಶುಲ್ಕ ಸೇರುತ್ತದೆ, ನೇರವಾಗಿ ಬ್ಯಾಂಕಿಗೆ ಹಾಕಿದರೆ ಇನ್ನೂ ಹತ್ತು ಶೇಕಡಾ ಕಡಿಮೆ ಮಾಡುತ್ತೇನೆ ಎಂದಿದ್ದಾರೆ. ಹಾಕಬಹುದೇ?

ಹಂಪಿಯ ಕಲ್ಲು

ದಯವಿಟ್ಟು ಹಾಕಬೇಡಿ. ಇದೇ ರೀತಿ ನಾನು 1,150 ಯೂರೋ ಕಳೆದುಕೊಂಡಿದ್ದೇನೆ.

ಮೂರು ವರ್ಷದ ಹಿಂದಿನ ಮಾತು, ಊರು ಬೇರೆ, ಕರಾವಳಿ ಅದೇ. ಅವರೂ ಬಹಳ ಪ್ರೀತಿಯಿಂದಲೇ ಬರೆಯುತ್ತಿದ್ದರು. ಮಗುವಿಗೆ ತೊಟ್ಟಿಲು ಬೇಕೇ ಎಂದು ಅವರೇ ಕೇಳಿದರು. ಒಪ್ಪಂದದ ಪತ್ರ ಬಂತು, ಮೊಹರು ಇತ್ತು, ಸಹಿ ಇತ್ತು. ಹಣ ಹಾಕಿದ ಮೇಲೂ ಎರಡು ವಾರ ಮಾತುಕತೆ ನಡೆಯಿತು. ಹೊರಡುವ ಹಿಂದಿನ ದಿನ ಬೀಗದ ಕೈ ಎಲ್ಲಿ ಸಿಗುತ್ತದೆ ಎಂದು ಕೇಳಿದೆ, ಉತ್ತರವಿಲ್ಲ. ರಾತ್ರಿ ಒಂಬತ್ತಕ್ಕೆ ಹೆಂಡತಿ ಮಕ್ಕಳೊಂದಿಗೆ ಆ ವಿಳಾಸಕ್ಕೆ ಹೋದರೆ ಮನೆ ಇತ್ತು, ಅದರಲ್ಲಿ ವಾಸವಿದ್ದ ಒಂದು ಸ್ಪ್ಯಾನಿಷ್ ಕುಟುಂಬವೂ ಇತ್ತು. ಅವರ ಮನೆಯನ್ನು ಮಾರಾಟಕ್ಕಿಟ್ಟಿದ್ದಾಗ ಹಾಕಿದ್ದ ಫೋಟೋಗಳನ್ನು ಯಾರೋ ಕದ್ದು ಬಳಸಿದ್ದರು. ಆ ಮನೆಯ ಅಜ್ಜಿ ನಮ್ಮ ಮಕ್ಕಳಿಗೆ ಹಾಲು ಕೊಟ್ಟು, ಹತ್ತಿರದ ವಸತಿಗೃಹಕ್ಕೆ ತಾವೇ ಫೋನ್ ಮಾಡಿದರು. ಪೊಲೀಸರಿಗೆ ದೂರು ಕೊಟ್ಟೆ. ಹಣ ಬರಲಿಲ್ಲ. ಬ್ಯಾಂಕಿನಿಂದ ಬ್ಯಾಂಕಿಗೆ ನಾವೇ ಕಳುಹಿಸಿದ ಹಣವನ್ನು ಹಿಂದಕ್ಕೆ ತರುವುದು ಬಹಳ ಕಷ್ಟ. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿನ ಮೂಲಕ ಆಕ್ಷೇಪ ಎತ್ತುವ ದಾರಿಯಾದರೂ ಇರುತ್ತಿತ್ತು.

ನೀವು ಈಗಲೇ ಮಾಡಬಹುದಾದ ಕೆಲಸವೊಂದಿದೆ. ಆ ಜಾಹೀರಾತಿನ ಫೋಟೋಗಳನ್ನು ಚಿತ್ರ ಹುಡುಕುವ ಸಾಧನದಲ್ಲಿ ಹಾಕಿ ನೋಡಿ. ಅದೇ ಮನೆ ಬೇರೆ ಹೆಸರಿನಲ್ಲಿ, ಬೇರೆ ಊರಿನಲ್ಲಿ ಕಂಡರೆ ಅಲ್ಲಿಗೆ ಬಿಟ್ಟುಬಿಡಿ. ಆಮೇಲೆ ವಿಡಿಯೋ ಕರೆಯಲ್ಲಿ ಮನೆ ತೋರಿಸಲು ಹೇಳಿ. ನಿಜವಾದ ಮಾಲೀಕರು ಸ್ವಲ್ಪ ಬೇಸರ ಪಟ್ಟರೂ ತೋರಿಸುತ್ತಾರೆ.

ಶಿರಸಿಯ ಆಲೆಮನೆ

ಹಂಪಿಯವರ ಮಾತು ಪೂರ್ತಿ ಸರಿ. ಇದಕ್ಕೆ ಇನ್ನೊಂದು ಗಟ್ಟಿಯಾದ ಪರೀಕ್ಷೆಯಿದೆ.

ನೆರ್ಹಾ ಇರುವ ಆಂದಲೂಸಿಯಾ ಪ್ರಾಂತದಲ್ಲಿ ಪ್ರವಾಸಿಗರಿಗೆ ಕೊಡುವ ಪ್ರತಿ ಮನೆಯೂ ಪ್ರವಾಸೋದ್ಯಮ ನೋಂದಣಿಯಲ್ಲಿ ಇರಲೇಬೇಕು, ಜಾಹೀರಾತಿನಲ್ಲಿ ಆ ಸಂಖ್ಯೆಯನ್ನು ಹಾಕಲೇಬೇಕು. 2016ರ ಆದೇಶದಿಂದ ಈ ನಿಯಮವಿದೆ, 2024ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಸಂಖ್ಯೆಯ ಮೊದಲಿಗೆ ವಿ.ಎಫ್.ಟಿ. ಅಥವಾ ವಿ.ಯು.ಟಿ. ಎಂದಿರುತ್ತದೆ, ಆಮೇಲೆ ಮಾಲಗ ಜಿಲ್ಲೆಗೆ ಎಂ.ಎ., ನಂತರ ಅಂಕಿಗಳು. ತೋಟದ ಮನೆಯಾದರೆ ವಿ.ಟಿ.ಎ.ಆರ್. ಎಂದಿರಬಹುದು. ಪ್ರಾಂತದ ನೋಂದಣಿಯನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ತೆರೆದು ಹುಡುಕಬಹುದು. ಸಂಖ್ಯೆ ಹಾಕಿ, ಬರುವ ವಿಳಾಸವೂ ನಿಮಗೆ ಕೊಟ್ಟ ವಿಳಾಸವೂ ಒಂದೇ ಆಗಿದೆಯೇ ನೋಡಿ. ಕೆಲವರು ಬೇರೆ ಮನೆಯ ಸಂಖ್ಯೆಯನ್ನು ತಂದು ಅಂಟಿಸುತ್ತಾರೆ, ಆದ್ದರಿಂದ ವಿಳಾಸ ಹೊಂದಿಸಿ ನೋಡುವುದನ್ನು ಬಿಡಬೇಡಿ.

ಈ ನೋಂದಣಿಯಿಂದ ನಿಮಗೆ ಇನ್ನೊಂದು ಲಾಭವಿದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಬಾಡಿಗೆಗೆ ಕೊಡುವ ಮನೆಯ ಮಲಗುವ ಕೋಣೆಗಳಲ್ಲಿ, ಪಡಸಾಲೆಯಲ್ಲಿ ಗೋಡೆಗೆ ಕೂರಿಸಿದ ತಂಪು ವ್ಯವಸ್ಥೆ ಇರಬೇಕು. ದೂರು ಬರೆಯುವ ಅಧಿಕೃತ ನಮೂನೆ ಮನೆಯಲ್ಲಿರಬೇಕು. ಏನಾದರೂ ಕೆಟ್ಟರೆ ಕರೆ ಮಾಡಲು ಫೋನ್ ಸಂಖ್ಯೆ ಕೊಟ್ಟಿರಬೇಕು. ಇವುಗಳ ಬಗ್ಗೆ ಕೇಳಿದಾಗ ತಡವರಿಸದೆ ಉತ್ತರ ಕೊಡುವವರು ಸಾಮಾನ್ಯವಾಗಿ ನಂಬಿಕಸ್ಥರು.

ಕೊಡಗಿನ ಕಾಫಿ

ನಾನು ಮಡಿಕೇರಿ ಹತ್ತಿರ ಸಣ್ಣ ಹೋಮ್‌ಸ್ಟೇ ನಡೆಸುತ್ತೇನೆ, ಹೋದ ವರ್ಷ ಮಗನ ಜೊತೆ ನೆರ್ಹಾಕ್ಕೆ ಹೋಗಿದ್ದೆ. ಅತಿಥಿಯಾಗಿ ಹೋದರೂ ಮನೆ ಕೊಡುವವರ ಕಣ್ಣಿನಿಂದಲೇ ನೋಡುವ ಅಭ್ಯಾಸ.

ಹೋದ ಕೂಡಲೇ ಎಲ್ಲರ ಪಾಸ್‌ಪೋರ್ಟ್ ವಿವರ ಕೇಳುತ್ತಾರೆ. ಗಾಬರಿಯಾಗಬೇಡಿ. ಅತಿಥಿಗಳ ವಿವರವನ್ನು ಗೃಹ ಸಚಿವಾಲಯಕ್ಕೆ ಕಳುಹಿಸಬೇಕೆಂಬ ನಿಯಮ ಅಲ್ಲಿದೆ, 2024ರ ಡಿಸೆಂಬರ್‌ನಿಂದ ಅದು ಇನ್ನೂ ಕಟ್ಟುನಿಟ್ಟಾಗಿದೆ. ಮಕ್ಕಳ ವಿಷಯದಲ್ಲಿ ದೊಡ್ಡವರ ಜೊತೆಗಿನ ಸಂಬಂಧವನ್ನೂ ಬರೆಯಬೇಕು. ಆದರೆ ವಿವರ ಕೊಡುವುದು ಬೇರೆ, ಪಾಸ್‌ಪೋರ್ಟಿನ ಫೋಟೋ ತೆಗೆದು ಮೊಬೈಲಿನಲ್ಲಿ ಕಳುಹಿಸುವುದು ಬೇರೆ. ಪಾಸ್‌ಪೋರ್ಟಿನ ನಕಲು ಕೇಳುವುದು ಅಗತ್ಯಕ್ಕಿಂತ ಹೆಚ್ಚಾಯಿತು ಎಂದು ಸ್ಪೇನಿನ ದತ್ತಾಂಶ ರಕ್ಷಣಾ ಸಂಸ್ಥೆಯೇ 2025ರಲ್ಲಿ ಹೇಳಿದೆ. ವಿವರವನ್ನು ಬರೆದುಕೊಡಿ, ಪಾಸ್‌ಪೋರ್ಟನ್ನು ಎದುರಿಗೇ ತೋರಿಸಿ, ಅಷ್ಟು ಸಾಕು.

ಠೇವಣಿಯ ಬಗ್ಗೆ: ಒಳಗೆ ಕಾಲಿಟ್ಟ ಕೂಡಲೇ, ಪೆಟ್ಟಿಗೆ ಬಿಚ್ಚುವುದಕ್ಕೂ ಮುಂಚೆ, ಕೋಣೆ ಕೋಣೆಗೂ ಹೋಗಿ ವಿಡಿಯೋ ಮಾಡಿಕೊಳ್ಳಿ. ಸೋಫಾದ ಕಲೆ, ಮುರಿದ ಕುರ್ಚಿ, ಒಲೆಯ ಗಾಜಿನ ಗೀರು ಎಲ್ಲವೂ ಇರಲಿ. ಅದೇ ದಿನ ಮಾಲೀಕರಿಗೆ ಕಳುಹಿಸಿಬಿಡಿ. ನನ್ನ ಅತಿಥಿಗಳು ಹೀಗೆ ಮಾಡಿದರೆ ನನಗೆ ಸಂತೋಷವೇ ಆಗುತ್ತದೆ, ಆಮೇಲೆ ಇಬ್ಬರಿಗೂ ಮನಸ್ತಾಪವಿರುವುದಿಲ್ಲ.

ಇನ್ನೊಂದು ಮಾತು. 2024ರ ಜೂನ್‌ನಲ್ಲಿ ಮಾಲಗ ನಗರದಲ್ಲಿ ಸಾವಿರಾರು ಜನ ಬೀದಿಗಿಳಿದು, ಪ್ರವಾಸಿ ಬಾಡಿಗೆಯಿಂದ ನಮಗೆ ಮನೆಯೇ ಸಿಗುತ್ತಿಲ್ಲ ಎಂದು ಪ್ರತಿಭಟಿಸಿದರು. ಅದನ್ನು ಓದಿ ನಾನು ನಿಜಕ್ಕೂ ಯೋಚನೆಗೆ ಬಿದ್ದೆ, ಏಕೆಂದರೆ ನಾನು ಬದುಕುವುದೂ ಇದೇ ವ್ಯವಹಾರದಿಂದ. ನೋಂದಣಿಯಿರುವ ಮನೆಯನ್ನೇ ಹಿಡಿಯಿರಿ ಎಂದು ನಾನು ಹೇಳುವುದು ಮೋಸಕ್ಕೆ ಹೆದರಿ ಮಾತ್ರವಲ್ಲ. ಕದ್ದುಮುಚ್ಚಿ ಕೊಡುವ ಮನೆಗಳು ಹೆಚ್ಚಾದಷ್ಟೂ ಅಲ್ಲೇ ದುಡಿಯುವ ಮಾಣಿಗೆ, ದಾದಿಗೆ, ಬಸ್ ಚಾಲಕನಿಗೆ ಬಾಡಿಗೆ ಮನೆ ಕಡಿಮೆಯಾಗುತ್ತದೆ. ತರಕಾರಿ, ಮೀನು, ಬ್ರೆಡ್ಡು ಊರಿನ ಸಣ್ಣ ಅಂಗಡಿಯಲ್ಲೇ ಕೊಳ್ಳಿ. ರಾತ್ರಿ ಅಂಗಳದಲ್ಲಿ ಗಟ್ಟಿಯಾಗಿ ಹಾಡು ಹಾಕಬೇಡಿ. ಪಕ್ಕದ ಮನೆಯವರು ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು.

ಮೈಸೂರಿನ ಮಗಳು

ಆ ಅಗ್ಗದ ಮನೆಯವರಿಗೆ ನೋಂದಣಿ ಸಂಖ್ಯೆ ಕೇಳಿ ಬರೆದೆ. ‘ಸಂಖ್ಯೆ ನವೀಕರಣದಲ್ಲಿದೆ’ ಎಂಬ ಉತ್ತರ ಬಂತು. ವಿಡಿಯೋ ಕರೆ ಕೇಳಿದೆ. ಎರಡು ದಿನವಾಯಿತು, ಸದ್ದಿಲ್ಲ. ಫೋಟೋ ಹುಡುಕಿದಾಗ ಅದೇ ಈಜುಕೊಳ ಮಯೋರ್ಕಾ ದ್ವೀಪದ ಒಂದು ಮನೆಯಲ್ಲಿ ಕಾಣಿಸಿತು. ಹಂಪಿಯವರೇ, ನಿಮ್ಮ ಕಹಿ ಅನುಭವ ನಮ್ಮ ಹಣ ಉಳಿಸಿತು. ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ.

ಈಗ ತೊರ್ರೆಸಿಯಾ ಕಡೆ ಒಂದು ಮನೆ ಸಿಕ್ಕಿದೆ. ಕಾರಿನಿಂದ ಬಾಗಿಲಿಗೆ ಎರಡು ಮೆಟ್ಟಿಲು, ನೆಲಮಹಡಿಯಲ್ಲಿ ಒಂದು ಕೋಣೆ, ಅದಕ್ಕೆ ಸೇರಿಕೊಂಡೇ ಬಚ್ಚಲು. ಈಜುಕೊಳ ಚಿಕ್ಕದು. ಸಂಖ್ಯೆ ನೋಂದಣಿಯಲ್ಲಿದೆ, ವಿಳಾಸ ಹೊಂದುತ್ತದೆ. ಅಡುಗೆಮನೆಯ ಬಗ್ಗೆ ಯಾರಾದರೂ ಹೇಳುತ್ತೀರಾ? ಅಮ್ಮ ಕುಕ್ಕರ್, ಮಿಕ್ಸಿ ತರಲೇ ಎಂದು ದಿನಾ ಕೇಳುತ್ತಿದ್ದಾರೆ.

ಧಾರವಾಡದ ಮಳೆ

ವಿದ್ಯುತ್ ಇಂಜಿನಿಯರ್ ಆಗಿ ಉತ್ತರಿಸುತ್ತೇನೆ.

ಸ್ಪೇನಿನಲ್ಲಿ 230 ವೋಲ್ಟ್, 50 ಹರ್ಟ್ಜ್. ನಮ್ಮ ಮಿಕ್ಸಿ ಹಾಗೆಯೇ ನಡೆಯುತ್ತದೆ, ಆದರೆ ನಮ್ಮ ದಪ್ಪ ಮೂರು ಕಡ್ಡಿಯ ಪ್ಲಗ್ ಅಲ್ಲಿಯ ಸಾಕೆಟ್ಟಿಗೆ ಹೋಗುವುದಿಲ್ಲ. ಗಟ್ಟಿಮುಟ್ಟಾದ ಅಡಾಪ್ಟರ್ ಬೇಕು. ಮೊಬೈಲಿಗೆಂದು ಮಾರುವ ಅಗ್ಗದ ಅಡಾಪ್ಟರಿಗೆ 750 ವಾಟ್ ಮಿಕ್ಸಿ ಹಾಕಬೇಡಿ, ಕರಗಿಹೋಗುತ್ತದೆ.

ಕುಕ್ಕರ್ ವಿಷಯದಲ್ಲಿ ಒಲೆ ಯಾವುದು ಎಂದು ಮೊದಲು ಕೇಳಿ. ಮೂರು ಬಗೆ ಸಿಗುತ್ತವೆ. ಇಂಡಕ್ಷನ್ ಆದರೆ ಅಮ್ಮನ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ, ಇಂಡಕ್ಷನ್ ತಳವಿರುವ ಸ್ಟೀಲ್ ಕುಕ್ಕರೇ ಬೇಕು. ಒಳಗೆ ಕೆಂಪಗೆ ಕಾಯುವ ಗಾಜಿನ ಒಲೆಯಾದರೆ ತಳ ಸಮತಟ್ಟಾಗಿರುವ ಯಾವ ಪಾತ್ರೆಯೂ ನಡೆಯುತ್ತದೆ, ಆದರೆ ಒಲೆ ಆರಿಸಿದ ಮೇಲೂ ಶಾಖ ಉಳಿಯುವುದರಿಂದ ಕುಕ್ಕರನ್ನು ಪಕ್ಕಕ್ಕೆ ಎತ್ತಿಡಬೇಕು. ಹಳೆಯ ಮನೆ, ತೋಟದ ಮನೆಗಳಲ್ಲಿ ಕಿತ್ತಳೆ ಬಣ್ಣದ ಬ್ಯೂಟೇನ್ ಸಿಲಿಂಡರ್ ಇರುತ್ತದೆ, 12.5 ಕೆ.ಜಿ. ತೂಕದ್ದು. ತುಂಬಿದ ಎರಡನೆಯ ಸಿಲಿಂಡರ್ ಮನೆಯಲ್ಲಿದೆಯೇ ಎಂದು ಕೇಳಿಕೊಳ್ಳಿ.

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯವೊಂದಿದೆ. ಅಲ್ಲಿ ಪ್ರತಿ ಮನೆಯೂ ಇಷ್ಟೇ ಕಿಲೋವಾಟ್ ಎಂದು ಮೊದಲೇ ಒಪ್ಪಂದ ಮಾಡಿಕೊಂಡಿರುತ್ತದೆ: 3.45, 4.6, 5.75, ಹೀಗೆ. ಹೆಚ್ಚಿನ ಮಿತಿಗೆ ತಿಂಗಳ ಶುಲ್ಕವೂ ಹೆಚ್ಚು, ಹಾಗಾಗಿ ಎಷ್ಟೋ ಮಾಲೀಕರು ಕಡಿಮೆಯದನ್ನೇ ಇಟ್ಟುಕೊಳ್ಳುತ್ತಾರೆ. ಎಂಟು ಜನರಿರುವ ಮನೆಯಲ್ಲಿ ಬೆಳಿಗ್ಗೆ ಒಬ್ಬರು ನೀರು ಕಾಯಿಸಿ, ಇನ್ನೊಬ್ಬರು ದೋಸೆ ಹುಯ್ದು, ಮತ್ತೊಬ್ಬರು ಬಟ್ಟೆ ಒಗೆಯುವ ಯಂತ್ರ ಹಾಕಿ, ಮೇಲೆ ಎರಡು ಎ.ಸಿ. ಓಡಿದರೆ ಮಿತಿ ದಾಟಿ ಇಡೀ ಮನೆಯ ವಿದ್ಯುತ್ ನಿಂತುಹೋಗುತ್ತದೆ. ಅದು ಮನೆ ಕೆಟ್ಟದ್ದಲ್ಲ. ಎರಡು ಯಂತ್ರ ಆರಿಸಿ, ಮುಖ್ಯ ಸ್ವಿಚ್ಚನ್ನು ಕೆಳಗಿಳಿಸಿ ಮತ್ತೆ ಮೇಲೆತ್ತಿ. ಸ್ವಿಚ್ಚಿನ ಪೆಟ್ಟಿಗೆ ಎಲ್ಲಿದೆ ಎಂದು ಮೊದಲ ದಿನವೇ ನೋಡಿಟ್ಟುಕೊಳ್ಳಿ.

ಬೆಳಗಾವಿಯ ಕುಂದಾ

ನನ್ನ ಮಾತು ಬೇರೆ, ಯಾರೂ ಬೇಸರಿಸಬಾರದು. ಇಡೀ ಚರ್ಚೆ ಓದಿದೆ: ಕುಕ್ಕರ್, ಮಿಕ್ಸಿ, ದೋಸೆ. ಈ ರಜೆ ಯಾರದು? ಎಂಟು ಜನರಿಗೆ ಮೂರು ಹೊತ್ತು ಬೇಯಿಸಿ, ಪಾತ್ರೆ ತೊಳೆಯುವುದನ್ನು ಮೈಸೂರಿನಲ್ಲಿ ಮಾಡುವ ಬದಲು ಕಡಲ ದಂಡೆಯಲ್ಲಿ ಮಾಡಬೇಕೇ? ನಮ್ಮ ಅತ್ತೆ ಇಟಲಿಯ ವಿಲ್ಲಾದಲ್ಲಿ ಹತ್ತು ದಿನ ಅಡುಗೆಮನೆಯಲ್ಲೇ ಇದ್ದರು. ಫೋಟೋಗಳಲ್ಲಿ ನಾವೆಲ್ಲ ಇದ್ದೇವೆ, ಅವರಿಲ್ಲ. ಅದನ್ನು ಗಮನಿಸಿದ್ದು ಊರಿಗೆ ಬಂದ ಮೇಲೆ. ಬೆಳಗಿನ ತಿಂಡಿ ಕೊಡುವ ಹೋಟೆಲಿನಲ್ಲಿ ಅಕ್ಕಪಕ್ಕದ ಮೂರು ಕೋಣೆ ಹಿಡಿಯಿರಿ. ನಿಮ್ಮ ತಾಯಿಗೂ ಒಂದು ವಾರ ರಜೆ ಸಿಗಲಿ.

ಮೈಸೂರಿನ ಮಗಳು

ಬೆಳಗಾವಿಯವರೇ, ಬೇಸರವೇನೂ ಇಲ್ಲ. ನಿಮ್ಮ ಮಾತು ಓದಿ ಅಕ್ಕನಿಗೆ ಫೋನ್ ಮಾಡಿದೆ, ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಹೋಟೆಲ್ ಬೇಡ ಎಂದೇ ತೀರ್ಮಾನಿಸಿದೆವು. ಅಪ್ಪನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟವಾಗಬೇಕು, ಅಲ್ಲಿಯ ಹೋಟೆಲುಗಳು ರಾತ್ರಿ ಎಂಟರ ಮೊದಲು ಅಡುಗೆ ಶುರು ಮಾಡುವುದು ಕಡಿಮೆ. ಆದರೆ ನಿಯಮವೊಂದನ್ನು ಮಾಡಿಕೊಂಡಿದ್ದೇವೆ: ಮಧ್ಯಾಹ್ನದ ಊಟ ಹೊರಗೆ, ರಾತ್ರಿಯ ಅನ್ನ ಸಾರು ಭಾವ ಮತ್ತು ನನ್ನ ಯಜಮಾನರ ಪಾಲು. ಇಬ್ಬರೂ ಒಪ್ಪಿದ್ದಾರೆ. ಅಮ್ಮ ಒಗ್ಗರಣೆಗೆ ಮಾತ್ರ ಬರುತ್ತೇನೆ ಎಂದಿದ್ದಾರೆ.

ಇನ್ನೆರಡು ಪ್ರಶ್ನೆ: ಅಪ್ಪ ಅಮ್ಮನಿಗೆ ಸ್ಪೇನ್ ವೀಸಾ ಬೇರೆ ಬೇಕೇ? ಊರಿನಿಂದ ತುಪ್ಪ, ಕರಿಬೇವು ತರಬಹುದೇ?

ಕುಂದಾಪುರದ ಕಡಲು

ಬೇರೆ ವೀಸಾ ಬೇಡ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾವನ್ನು ಹೆಚ್ಚು ದಿನ ತಂಗುವ ದೇಶದಿಂದ ಪಡೆಯಬೇಕು. ನಿಮ್ಮ ಮನೆಯಲ್ಲಿ ಮೂರು ವಾರ, ಸ್ಪೇನಿನಲ್ಲಿ ಒಂದು ವಾರ ಎಂದಾದರೆ ಜರ್ಮನಿಗೇ ಅರ್ಜಿ. ಸ್ಪೇನಿಗೆ ಹೋಗುವುದನ್ನೂ ಪ್ರವಾಸದ ವಿವರದಲ್ಲಿ ಮುಚ್ಚಿಡದೆ ಬರೆಯಿರಿ, ವಿಲ್ಲಾದ ರಸೀದಿ ಲಗತ್ತಿಸಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ, ಅದು ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯಿಸಬೇಕು. ವೀಸಾ ಕೈಗೆ ಬರುವವರೆಗೆ ಹಣ ವಾಪಸಾಗುವ ಷರತ್ತಿನಲ್ಲೇ ಮನೆ ಕಾಯ್ದಿರಿಸಿ.

ತುಪ್ಪ, ಪೇಡ ಬೇಡ. ಯುರೋಪ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವು, ವೀಳ್ಯದೆಲೆಯೂ ಬೇಡ. ತೊಗರಿಬೇಳೆ, ಸಾರಿನ ಪುಡಿ, ಹುಣಸೆಹಣ್ಣನ್ನು ಮ್ಯೂನಿಕ್‌ನಲ್ಲೇ ಕೊಂಡು ಒಯ್ಯಿರಿ, ಅಲ್ಲಿಂದ ಹೋಗುವುದಕ್ಕೆ ತಡೆಯಿಲ್ಲ. ಸ್ಪೇನಿನ ಗುಂಡು ಅಕ್ಕಿ ಮುದ್ದೆಯಾಗುತ್ತದೆ, ಆದರೆ ಮೊಸರನ್ನಕ್ಕೆ ಅದರಷ್ಟು ಚೆನ್ನಾದದ್ದು ಇಲ್ಲ.

ನೆರ್ಹಾಕ್ಕೆ ರೈಲಿಲ್ಲ. ಮಾಲಗ ವಿಮಾನ ನಿಲ್ದಾಣದಿಂದ ಸುಮಾರು 70 ಕಿಲೋಮೀಟರ್. ಭಾವನವರು ಕಾರು ಓಡಿಸುವುದಾದರೆ ಭಾರತದ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಪರವಾನಗಿಯನ್ನೂ ಮಾಡಿಸಿಕೊಂಡು ಬರಲಿ. 135 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಮಕ್ಕಳ ಆಸನ ಕಡ್ಡಾಯ, ಕಾರಿನ ಜೊತೆಯಲ್ಲೇ ಹೇಳಿಡಿ.

ಶಿರಸಿಯ ಆಲೆಮನೆ

ಸಕ್ಕರೆ ಕಾಯಿಲೆಯ ಮಾತು ಓದಿದ ಮೇಲೆ ಇದನ್ನು ಹೇಳುವುದೋ ಬೇಡವೋ ಎಂದುಕೊಂಡೆ. ಆದರೂ ಮಂಡ್ಯ ಎಂದ ಮೇಲೆ ಹೇಳದಿರಲಾರೆ.

ಆ ಕರಾವಳಿ ಶತಮಾನಗಳ ಕಾಲ ಕಬ್ಬಿನ ನಾಡು. ಅರಬರ ಕಾಲದಲ್ಲಿ ಬಂದ ಕಬ್ಬು ಮೊನ್ನೆಮೊನ್ನೆಯವರೆಗೂ ಇತ್ತು. ಅಲ್ಲಿಯ ಕೊನೆಯ ಸಕ್ಕರೆ ಕಾರ್ಖಾನೆ 2006ರಲ್ಲಿ ಮುಚ್ಚಿತು. ಆದರೆ ಫ್ರಿಹಿಲಿಯಾನಾದ ಕೆಳಬೀದಿಯಲ್ಲಿ, ಹದಿನಾರನೆಯ ಶತಮಾನದ ಒಂದು ದೊಡ್ಡ ಕಟ್ಟಡದೊಳಗೆ, ಇಂದಿಗೂ ಕಬ್ಬಿನ ಪಾಕ ತಯಾರಾಗುತ್ತದೆ. ಯುರೋಪಿನಲ್ಲಿ ಉಳಿದಿರುವುದು ಇದೊಂದೇ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಅವರು ಅದನ್ನು ಕಬ್ಬಿನ ಜೇನು ಎನ್ನುತ್ತಾರೆ. ನಾನು ಮೊದಲ ಸಲ ಬೆರಳಿನಲ್ಲಿ ಅದ್ದಿ ನಾಲಗೆಗಿಟ್ಟಾಗ ಕಣ್ಣು ತುಂಬಿತು. ನಮ್ಮ ಜೋನಿ ಬೆಲ್ಲದ ಅಣ್ಣತಮ್ಮ ಅದು, ಸ್ವಲ್ಪ ಹೆಚ್ಚು ಕಪ್ಪು, ಸ್ವಲ್ಪ ಹೆಚ್ಚು ಕಹಿ. ಕರಿದ ಬದನೆಕಾಯಿಯ ಮೇಲೆ ಸುರಿದು ಕೊಡುತ್ತಾರೆ. ನಾನು ತೆಳ್ಳವಿನ ಜೊತೆ ತಿನ್ನುತ್ತೇನೆ.

ನೆರ್ಹಾದಿಂದ ಮಾರೋ ಹಳ್ಳಿಯ ಕಡೆ ಹೋಗುವಾಗ ಕಣಿವೆಯಲ್ಲಿ ನಾಲ್ಕು ಅಂತಸ್ತಿನ ಕಮಾನುಗಳ ಮೇಲ್ಗಾಲುವೆ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾರೋದ ಸಕ್ಕರೆ ಕಾರ್ಖಾನೆಗೆ ನೀರು ಒಯ್ಯಲು ಕಟ್ಟಿದ್ದು, ಇಂದಿಗೂ ಹೊಲಗಳಿಗೆ ನೀರು ಹರಿಸುತ್ತದೆ. ರಸ್ತೆಯ ಪಕ್ಕದಿಂದಲೇ ನೋಡಬಹುದು, ಒಂದು ಮೆಟ್ಟಿಲೂ ಇಲ್ಲ. ನೆರ್ಹಾ ಗುಹೆಗೆ ಮಾತ್ರ ಅಪ್ಪನವರನ್ನು ಕರೆದೊಯ್ಯಬೇಡಿ. 1959ರಲ್ಲಿ ಮಾರೋದ ಐವರು ಹುಡುಗರು ಕಂಡುಹಿಡಿದ ಆ ಗುಹೆ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ, ಒಳಗೆ 32 ಮೀಟರ್ ಎತ್ತರದ ಸುಣ್ಣಕಲ್ಲಿನ ಕಂಬವಿದೆ. ಆದರೆ ಹತ್ತಿಳಿಯುವ ಮೆಟ್ಟಿಲು ನೂರಾರು.

ಮೈಸೂರಿನ ಮಗಳು

ನಾವು ಹೋಗಿಬಂದು ಹತ್ತು ದಿನವಾಯಿತು. ಸಲಹೆ ಕೊಟ್ಟವರಿಗೆ ವರದಿ ಒಪ್ಪಿಸಬೇಕು.

ತೊರ್ರೆಸಿಯಾದ ಮನೆಯನ್ನೇ ಹಿಡಿದೆವು. ಮಾಲಕಿ ಎದುರಿಗೇ ಬಂದು ಬೀಗದ ಕೈ ಕೊಟ್ಟರು, ಪಾಸ್‌ಪೋರ್ಟ್ ನೋಡಿ ಬರೆದುಕೊಂಡರು, ಫೋಟೋ ಕೇಳಲಿಲ್ಲ. ಈಜುಕೊಳದ ಸುತ್ತ ಬೇಲಿ ಇರಲಿಲ್ಲ. ಎತ್ತರದಲ್ಲಿ ಚಿಲಕವಿತ್ತು, ನಾವು ಸರದಿಯ ಮೇಲೆ ಕಾದೆವು. ನೀರು ಬಿಸಿ ಮಾಡಲು ದಿನಕ್ಕೆ 20 ಯೂರೋ ಎಂದರು. ನಾಲ್ಕು ದಿನಕ್ಕೆ ಕೊಟ್ಟೆವು, ಕೊಟ್ಟದ್ದು ಸಾರ್ಥಕ. ಎರಡನೆಯ ದಿನ ಬೆಳಿಗ್ಗೆ ಧಾರವಾಡದವರು ಹೇಳಿದಂತೆಯೇ ವಿದ್ಯುತ್ ಹೋಯಿತು. ಭಾವ ನೇರವಾಗಿ ಹೋಗಿ ಸ್ವಿಚ್ಚು ಎತ್ತಿದರು. ಸಾರಿಗೆ ಉಪ್ಪು ಹೆಚ್ಚಾದದ್ದು ಒಂದೇ ದಿನ. ಠೇವಣಿ ಐದನೆಯ ದಿನ ಖಾತೆಗೆ ಬಂತು. ಒಂದು ಕೊರತೆಯೆಂದರೆ ಮೇಲಿನ ಕೋಣೆಯ ಕಿಟಕಿ ಬೀದಿಗಿತ್ತು, ಅಕ್ಕ ಭಾವನಿಗೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಅಪ್ಪ ದಿನಾ ಬೆಳಿಗ್ಗೆ ಆರೂವರೆಗೆ ಎದ್ದು ಒಬ್ಬರೇ ಕೋಲು ಹಿಡಿದು ಬಾಲ್ಕನ್ ದೆ ಯುರೋಪಾ ಎಂಬ ಕಡಲಂಚಿನ ನೋಟತಾಣದವರೆಗೆ ನಡೆದು, ಕಡಲಿಗೆ ಮುಖ ಮಾಡಿ ಬೆಂಚಿನ ಮೇಲೆ ಕುಳಿತು, ಬರುವಾಗ ಬ್ರೆಡ್ಡು ತರುತ್ತಿದ್ದರು. ಮೂರನೆಯ ದಿನಕ್ಕೆ ಬ್ರೆಡ್ಡಿನ ಅಂಗಡಿಯ ಹೆಂಗಸು ಅವರಿಗೆ ಕೈ ಬೀಸುತ್ತಿದ್ದರು. ಶಿರಸಿಯವರೇ, ಗುಡ್ಡದ ಮೇಲಿನ ಆ ಮನೆ ಹಿಡಿದಿದ್ದರೆ ಇದಾವುದೂ ಆಗುತ್ತಿರಲಿಲ್ಲ. ನೀವು ಇಂದಿಗೂ ಚುಚ್ಚುತ್ತದೆ ಎಂದು ಬರೆದಿದ್ದಿರಲ್ಲ, ಆ ನೋವನ್ನು ನೀವು ಇಲ್ಲಿ ಹಂಚಿಕೊಂಡದ್ದರಿಂದ ನಮ್ಮ ಅಪ್ಪ ಏಳು ದಿನ ಸ್ವತಂತ್ರವಾಗಿ ಓಡಾಡಿದರು.

ಮೇ 15ರಂದು ಎತ್ತಿನ ಗಾಡಿ ಬರುವ ಸದ್ದು ಕೇಳಿ ನಮಗಿಂತ ಮೊದಲು ಬೀದಿಯಲ್ಲಿದ್ದವರು ಅವರೇ. ಮೇಲ್ಗಾಲುವೆಯ ಎದುರು ಮುಕ್ಕಾಲು ಗಂಟೆ ನಿಂತರು. ಎಷ್ಟು ಇಳಿಜಾರು ಕೊಟ್ಟಿರಬಹುದು, ನೀರು ಎಷ್ಟು ವೇಗದಲ್ಲಿ ಹರಿಯುತ್ತಿರಬಹುದು ಎಂದು ಮೊಮ್ಮಗಳಿಗೆ ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದರು. ಫ್ರಿಹಿಲಿಯಾನಾದಲ್ಲಿ ನಾವು ಮೇಲಿನ ಬೀದಿಗಳಿಗೆ ಹೋದಾಗ ಅಪ್ಪ, ಅಮ್ಮ ಕೆಳಗೆ ಪಾಕದ ಕಟ್ಟಡದ ಬಳಿಯೇ ಕುಳಿತಿದ್ದರು. ಅಪ್ಪ ಅರ್ಧ ಚಮಚ ರುಚಿ ನೋಡಿ, ಇದಕ್ಕೆ ಹಾಕಿದ ಸುಣ್ಣ ಸ್ವಲ್ಪ ಹೆಚ್ಚಾಗಿರಬೇಕು ಎಂದರು. ಅಮ್ಮ ಎರಡು ಬಾಟಲಿ ಕೊಂಡರು.

ಮುಂದಿನ ವರ್ಷ ಹೋಗುವವರಿಗೆ ಒಂದು ಸೂಚನೆ: ಆ ಬಾಟಲಿಯನ್ನು ಕೈಚೀಲದಲ್ಲಿ ಇಡಬೇಡಿ, ದ್ರವವೆಂದು ವಿಮಾನ ನಿಲ್ದಾಣದಲ್ಲಿ ತೆಗೆದುಬಿಡುತ್ತಾರೆ. ಸಾಮಾನಿನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಡಿ. ಮನೆಯ ನೋಂದಣಿ ಸಂಖ್ಯೆ ಬೇಕಾದವರು ಖಾಸಗಿ ಸಂದೇಶ ಕಳುಹಿಸಿ, ಮಾಲಕಿಯನ್ನು ಕೇಳಿ ಕೊಡುತ್ತೇನೆ.